ಪಾಕ್ ಜಲಸಂಧಿ: ಒಂದು ಹೆಸರಿನ ಅರ್ಥವಿಚಾರ

ಸಮಾಜಪಾಠದ ತರಗತಿಯಲ್ಲಿ ಭಾರತದ ಭೂಪಟವನ್ನು ತೂಗುಹಾಕಿ, ‘ಭಾರತಕ್ಕೂ ಶ್ರೀಲಂಕೆಗೂ ನಡುವೆ ಇರುವ ಜಲಸಂಧಿ ಯಾವುದು?’ ಎಂದು ನಾನು ಪ್ರತಿವರ್ಷವೂ ಕೇಳುತ್ತಿದ್ದೆ. ‘ಪಾಕ್ ಜಲಸಂಧಿ’ ಎಂಬ ಉತ್ತರ ಒಡನೆಯೇ ಬರುತ್ತಿತ್ತು. ಒಮ್ಮೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ‘ಸಾರ್, ಪಾಕಿಸ್ತಾನ ಇರುವುದು ವಾಯವ್ಯದಲ್ಲಿ. ಅದರ ಹೆಸರು ದಕ್ಷಿಣದ ಕಡಲಿಗೆ ಹೇಗೆ ಬಂತು?’ ಎಂದು ಕೇಳಿದಳು. ತರಗತಿ ನಕ್ಕಿತು. ನಾನು ನಗಲಿಲ್ಲ, ಉತ್ತರ ನನಗೂ ತಿಳಿದಿರಲಿಲ್ಲ. ‘ನಾಳೆ ಹೇಳುತ್ತೇನೆ’ ಎಂದೆ. ಆ ನಾಳೆ ಬರುವಷ್ಟರಲ್ಲಿ ಆಕೆ ಶಾಲೆ ಬಿಟ್ಟು ವರ್ಷಗಳೇ ಕಳೆದಿದ್ದವು. ಆಕೆಗೆ ಸಲ್ಲಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಾಕ್ ಎಂಬುದು ಒಬ್ಬ ಆಂಗ್ಲ ಅಧಿಕಾರಿಯ ಕುಲನಾಮ. ರಾಬರ್ಟ್ ಪಾಕ್ 1717ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಜನಿಸಿದನು. ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಯಾಗಿ ಈ ದೇಶಕ್ಕೆ ಬಂದವನು ಬಳಿಕ ಆಡಳಿತವನ್ನು ಸೇರಿ, 1763ರಿಂದ 1767ರವರೆಗೆ ಮದರಾಸಿನ ಗವರ್ನರನಾಗಿದ್ದನು. ಇಂಗ್ಲಿಷಿನಲ್ಲಿ ಅವನ ಹೆಸರಿನ ನಡುವೆ ‘ಎಲ್’ ಅಕ್ಷರವಿದೆ, ಉಚ್ಚಾರಣೆಯಲ್ಲಿ ಇಲ್ಲ. ನಾವು ಕರಿಹಲಗೆಯ ಮೇಲೆ ಬರೆಯುವ ಚಾಕ್‌ನಲ್ಲಿಯೂ ಹಾಗೆಯೇ. ಪಾಲ್ಕ್ ಎಂದು ಬರೆಯುವವರು ಅಕ್ಷರವನ್ನು ಅನುಸರಿಸುತ್ತಾರೆ, ಪಾಕ್ ಎಂದು ಬರೆಯುವವರು ಧ್ವನಿಯನ್ನು. ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ‘ಪಾಕ್‌ನ ಜಲಸಂಧಿ’ ಎಂಬ ರೂಪವೇ ಕಾಣುತ್ತದೆ. ಕಾಲಕ್ರಮದಲ್ಲಿ ಷಷ್ಠೀ ವಿಭಕ್ತಿ ಕಳಚಿತು. ಅದರೊಂದಿಗೆ ಮನುಷ್ಯನೂ ಮರೆತುಹೋದನು. ತಮಿಳಿನಲ್ಲಿ ಅದು ‘ಪಾಕ್ಕು ನೀರಿಣೈ’. ಪಾಕ್ಕು ಎಂದರೆ ಅಡಿಕೆ! ಹೀಗೆ ಗವರ್ನರ್ ಮಹಾಶಯನು ತಮಿಳರಿಗೆ ಅಡಿಕೆಯಾಗಿಯೂ ನಮ್ಮ ಮಕ್ಕಳಿಗೆ ಪಾಕಿಸ್ತಾನವಾಗಿಯೂ ತೋರುತ್ತಾನೆ.

ಬೇರಿಂಗ್, ಬಾಸ್, ಮೆಗಲನ್ ಜಲಸಂಧಿಗಳಿಗೆ ಅಲ್ಲಿ ಹಡಗು ನಡೆಸಿದ ನಾವಿಕರ ಹೆಸರುಗಳಿವೆ. ಪಾಕ್ ನಾವಿಕನಲ್ಲ, ಆಳಿದವನು. ಕನ್ನಡಿಗರು ನೆನಪಿಡಬೇಕಾದ ಸಂಗತಿಯೂ ಒಂದಿದೆ. ಇವನ ಅಧಿಕಾರಾವಧಿಯಲ್ಲಿಯೇ, 1766ರಲ್ಲಿ, ಕಂಪನಿಯು ಹೈದರಾಬಾದಿನ ನಿಜಾಮನೊಡನೆ ಒಪ್ಪಂದ ಮಾಡಿಕೊಂಡು ಸೇನಾಸಹಾಯದ ವಚನವಿತ್ತಿತು. ಮರುವರ್ಷವೇ ಹೈದರಾಲಿಯೊಡನೆ ಮೊದಲನೆಯ ಮೈಸೂರು ಯುದ್ಧ ಆರಂಭವಾಯಿತು. 1769ರಲ್ಲಿ ಹೈದರನು ಮದರಾಸಿನ ಹೆಬ್ಬಾಗಿಲಿನವರೆಗೆ ಬಂದು ಸಂಧಿ ಮಾಡಿಸಿಕೊಂಡಾಗ ಪಾಕ್ ಅಧಿಕಾರದಿಂದ ಇಳಿದಾಗಿತ್ತು.

ಇನ್ನು ಹೆಸರಿನ ಉತ್ತರಪದ. ಇಂಗ್ಲಿಷಿನ ‘ಸ್ಟ್ರೇಟ್’ ಶಬ್ದದ ಮೂಲಾರ್ಥ ಇಕ್ಕಟ್ಟು. ಬಹುವಚನದಲ್ಲಿ ಅದಕ್ಕೆ ಕಷ್ಟ, ಸಂಕಟ ಎಂಬ ಅರ್ಥವೂ ಇದೆ. ನೇರ ಎಂಬರ್ಥದ ‘ಸ್ಟ್ರೇಟ್’ ಬೇರೆಯೇ ಶಬ್ದ. ಧ್ವನಿ ಒಂದೇ ಆದರೂ ಕಾಗುಣಿತ ಬೇರೆ. ಮಲಯಾಳದ ‘ಕಡಲಿಡುಕ್ಕ್’ ಕೂಡ ಇಕ್ಕಟ್ಟನ್ನೇ ಹೇಳುತ್ತದೆ. ಇಡುಕ್ಕಿ ಜಿಲ್ಲೆಯ ಹೆಸರಿನಲ್ಲಿರುವುದೂ ಆ ‘ಇಡುಕ್ಕ್’ ಪದವೇ. ನಮ್ಮ ‘ಜಲಸಂಧಿ’ಯೂ ತಮಿಳಿನ ‘ನೀರಿಣೈ’ಯೂ ಹೇಳುವುದು ಕೂಡುವಿಕೆಯನ್ನು. ಒಂದು ಭಾಷೆ ದಡಗಳ ನಡುವಣ ಇಕ್ಕಟ್ಟನ್ನು ಕಂಡಿತು, ಇನ್ನೊಂದು ಎರಡು ಕಡಲುಗಳ ಸೇರುವಿಕೆಯನ್ನು ಕಂಡಿತು. ಅದೇ ‘ಸಂಧಿ’ ತದ್ಭವವಾಗಿ ‘ಸಂದಿ’ಯಾದಾಗ ಇಕ್ಕಟ್ಟಿನ ಅರ್ಥವೂ ಕನ್ನಡಕ್ಕೆ ಬಂತು.

ಎರಡು ಅರ್ಥಗಳೂ ಸತ್ಯವೆಂಬುದನ್ನು ನಮ್ಮ ನೆರೆಯ ಗೂಡಲೂರಿನಲ್ಲಿ ಕಾಣಬಹುದು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ 5,25,000 ಮಂದಿಗೆ ಭಾರತದ ಪೌರತ್ವ ನೀಡಿ ಕರೆತರಲು ನಿರ್ಧಾರವಾಯಿತು. ಲಂಕೆಯ ಚಹಾ ತೋಟಗಳಿಂದ ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದ ಎಷ್ಟೋ ಕುಟುಂಬಗಳು ನೀಲಗಿರಿಯ ತೋಟಗಳನ್ನು ಸೇರಿದವು. ಆ ಕಡಲು ಅವರಿಗೆ ಇಕ್ಕಟ್ಟೂ ಹೌದು, ಕೂಡುದಾರಿಯೂ ಹೌದು.

ಆಂಗ್ಲರ ಮಾತು ಊರ ಹೆಸರಾಗಿ ನಿಂತ ನಿದರ್ಶನ ನಮ್ಮ ಕಲ್ಲೂರಿನ ಸಮೀಪದಲ್ಲಿಯೇ ಇದೆ. ಸುಲ್ತಾನ್ ಬತ್ತೇರಿಯ ‘ಬತ್ತೇರಿ’ ಇಂಗ್ಲಿಷಿನ ‘ಬ್ಯಾಟರಿ’, ಅಂದರೆ ಫಿರಂಗಿಗಳ ನೆಲೆ. ಟಿಪ್ಪು ಸುಲ್ತಾನನು ಅಲ್ಲಿಯ ಜೈನ ಬಸದಿಯನ್ನು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿದ್ದರಿಂದ ಆ ಹೆಸರು ಬಂತು. ಮಂಗಳೂರಿನ ಬೋಳೂರಿನಲ್ಲಿಯೂ ಒಂದು ಸುಲ್ತಾನ್ ಬತ್ತೇರಿ ಇದೆ. ನಮ್ಮ ಬತ್ತೇರಿಯ ಹಿಂದಿನ ಹೆಸರುಗಳಲ್ಲಿ ಗಣಪತಿವಟ್ಟಂ ಒಂದು. ಜೈನರ ಕಾಲದ ‘ಹನ್ನೆರಡು ಬೀದಿ’ ಇನ್ನೊಂದು. ಹನ್ನೆರಡು ಬೀದಿ ಅಪ್ಪಟ ಕನ್ನಡ. ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ಜೈನರು ಬಿಟ್ಟುಹೋದ ಗುರುತು ಅದು.

ಹೆಸರುಗಳನ್ನು ಬದಲಾಯಿಸಬೇಕೆಂದು ನಾನು ವಾದಿಸುತ್ತಿಲ್ಲ. ಎರಡು ಸ್ವತಂತ್ರ ರಾಷ್ಟ್ರಗಳು 1974ರಲ್ಲಿ ಕಡಲಗಡಿಯನ್ನು ಗುರುತಿಸಿಕೊಂಡಾಗಲೂ ಪಾಕ್ ಎಂಬ ಹೆಸರನ್ನೇ ಬಳಸಿದವು. ಬಳಕೆಯಲ್ಲಿ ನಿಂತ ಹೆಸರು ನಿಲ್ಲಲಿ. ಆದರೆ ಅರ್ಥ ತಿಳಿಯದೆ ಬಾಯಿಪಾಠ ಮಾಡಿದ ಹೆಸರು ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಇಂದು ನಮ್ಮ ಮಕ್ಕಳು ಶಾಲೆಯಲ್ಲಿ ಮಲಯಾಳವನ್ನೋ ಇಂಗ್ಲಿಷನ್ನೋ ಓದುತ್ತಾರೆ. ಕನ್ನಡ ಮನೆಯ ಮಾತಾಗಿ ಉಳಿದಿದೆ. ಹನ್ನೆರಡು ಬೀದಿ ಎಂದರೇನು, ಕಲ್ಲೂರು ಎಂದರೇನು ಎಂದು ಅವರಿಗೆ ಮನೆಯಲ್ಲಿ ಹೇಳಬೇಕಾದವರು ನಾವೇ. ಮಗು ಪ್ರಶ್ನೆ ಕೇಳಿದರೆ ನಗಬೇಡಿ. ತಿಳಿಯದಿದ್ದರೆ ಹುಡುಕಿ ಹೇಳಿ. ನನ್ನಂತೆ ತಡಮಾಡಬೇಡಿ.