ಕಿರುರೈಲಿನಿಂದ ಕಿರುವಿಮಾನದವರೆಗೆ

ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡಿಗರಾದ ನಮಗೆ ಬೆಂಗಳೂರು ಪರಸ್ಥಳವಲ್ಲ. ಧರ್ಮಪುರಿಯು ತಗಡೂರೆನಿಸಿದ್ದ ಕಾಲದಲ್ಲಿ ನೊಳಂಬರು ಇಲ್ಲಿ ಕನ್ನಡ ಶಾಸನಗಳನ್ನು ಬರೆಸಿದರು. ಮೈಸೂರಿನ ಆಳ್ವಿಕೆಯಲ್ಲಿದ್ದ ಬಾರಾಮಹಲ್ ಪ್ರದೇಶವು 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕಂಪನಿಯ ವಶವಾಯಿತು. ನಡುವೆ ಗಡಿ ಬಿದ್ದಿತಾದರೂ ಕೊಡುಕೊಳ್ಳುವ ನೆಂಟಸ್ತನ ಬಿಡಲಿಲ್ಲ. ಆದುದರಿಂದ ಈ ಗಡಿಯನ್ನು ದಾಟುವ ದಾರಿಗಳ ಚರಿತ್ರೆಯು ನಮ್ಮ ಮನೆಗಳ ಚರಿತ್ರೆಯೂ ಹೌದು.

1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ ಕಿರುಹಳಿಯ ರೈಲು ಬಂದಿತು. 1913ರಲ್ಲಿ ಅದು ಹೊಸೂರನ್ನು ಮುಟ್ಟಿತು. ಬರಗಾಲದಲ್ಲಿ ಧಾನ್ಯ ಸಾಗಿಸುವ ಉದ್ದೇಶದಿಂದ ಸರ್ಕಾರವು ಹಾಕಿಸಿದ ಹಳಿಯದು, ಲಾಭದ ಲೆಕ್ಕದಿಂದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಅದು ನಿಂತುಹೋಯಿತು.

ವಿಮಾನದ ಕಥೆಯೂ ಇದನ್ನೇ ಹೋಲುತ್ತದೆ. 1953ರ ಕಾಯ್ದೆಯು ವಿಮಾನ ಸಾರಿಗೆಯನ್ನು ರಾಷ್ಟ್ರೀಕರಿಸಿತ್ತು. 1994ರಲ್ಲಿ ಆ ಕಾಯ್ದೆ ರದ್ದಾಗಿ ಖಾಸಗಿ ಸಂಸ್ಥೆಗಳಿಗೆ ಬಾಗಿಲು ಪೂರ್ಣವಾಗಿ ತೆರೆಯಿತು. ಓಮಲೂರಿನ ಬಳಿಯ ಕಾಮಲಾಪುರದಲ್ಲಿ ಸೇಲಂ ವಿಮಾನ ನಿಲ್ದಾಣವು 1993ರಲ್ಲಿಯೇ ಸಿದ್ಧವಾಗಿತ್ತು. ಆದರೂ ಸೇವೆಗಳು ಬಂದವು, ಹೋದವು. 2009ರಲ್ಲಿ ಆರಂಭವಾದ ಕಿಂಗ್‌ಫಿಷರ್‌ನ ಚೆನ್ನೈ ವಿಮಾನವೂ ಬಹುಕಾಲ ಬಾಳಲಿಲ್ಲ. ಬಾಗಿಲು ತೆರೆದ ಮಾತ್ರಕ್ಕೆ ಅತಿಥಿ ಬರುವನೆಂಬ ನಿಯಮವಿಲ್ಲ.

2016ರಲ್ಲಿ ಕೇಂದ್ರ ಸರ್ಕಾರವು 'ಉಡಾನ್' ಯೋಜನೆಯನ್ನು ರೂಪಿಸಿತು. ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ ಕೆಲವು ಆಸನಗಳ ದರವನ್ನು 2,500 ರೂಪಾಯಿಗೆ ಮಿತಿಗೊಳಿಸಿ, ಸಂಸ್ಥೆಗೆ ಬೀಳುವ ಕೊರತೆಯನ್ನು ಕೇಂದ್ರ ಮತ್ತು ರಾಜ್ಯಗಳು ಮೂರು ವರ್ಷ ತುಂಬಿಕೊಡುವ ಏರ್ಪಾಡು ಅದು. ಅದರಂತೆ 2018ರ ಮಾರ್ಚ್ 25ರಂದು ಟ್ರೂಜೆಟ್ ವಿಮಾನವು ಚೆನ್ನೈಯಿಂದ ಸೇಲಂಗೆ ಬಂದಿತು; 2021ರಲ್ಲಿ ಅದೂ ನಿಂತಿತು. 2023ರ ಅಕ್ಟೋಬರ್‌ನಲ್ಲಿ ಅಲಯನ್ಸ್ ಏರ್ ಸಂಸ್ಥೆಯು ಬೆಂಗಳೂರು, ಸೇಲಂ, ಕೊಚ್ಚಿಗಳನ್ನು ಜೋಡಿಸಿತು. ಮೂರು ನೆರೆರಾಜ್ಯಗಳು ಒಂದೇ ದಾರದಲ್ಲಿ ಪೋಣಿಸಲ್ಪಟ್ಟವು.

ಸೇಲಂನಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಬಸ್ಸು ಊರೊಳಗೇ ಇಳಿಸುತ್ತದೆ; ವಿಮಾನವಾದರೋ ದೇವನಹಳ್ಳಿಯಲ್ಲಿ ಇಳಿಸುತ್ತದೆ. ಹಾಗಾದರೆ ಯಾರಿಗೆ ಬೇಕೆಂದು ಕೇಳುವವರಿದ್ದಾರೆ. ಅಲ್ಲಿಂದ ದೂರದೇಶದ ಮಕ್ಕಳ ಬಳಿಗೆ ಹೊರಡುವ ಹಿರಿಯರಿಗೆ, ಐದಾರು ಗಂಟೆ ಬಸ್ಸಿನಲ್ಲಿ ಕೂರಲಾರದವರಿಗೆ ಬೇಕು ಎಂಬುದು ನಮ್ಮ ಉತ್ತರ.

ಕಿರುರೈಲು ಹೋದಾಗ ನಮ್ಮ ಹಿರಿಯರನ್ನು ಕೇಳಿದವರಿಲ್ಲ. ಇಂದು ಸೇವೆಯ ಆಯುಸ್ಸು ಸಹಾಯಧನವನ್ನಷ್ಟೇ ಅಲ್ಲ, ತುಂಬುವ ಆಸನಗಳನ್ನೂ ಅವಲಂಬಿಸಿದೆ. ದಾರಿಯನ್ನು ತೆರೆಯುವುದು ಸರ್ಕಾರದ ಕೆಲಸ. ಅದರಲ್ಲಿ ಹುಲ್ಲು ಬೆಳೆಯದಂತೆ ನಡೆದಾಡುವುದು ನಮ್ಮ ಕೆಲಸ.