ಕಡಲ ತಳದ ಮರಳು ಹೇಳಿದ ಹಿಮಯುಗದ ಕಥೆ

ನಡುಗಡಲಿನ ತಳದಲ್ಲಿ ಕೆಸರು ಬಹಳ ನಿಧಾನವಾಗಿ ಶೇಖರವಾಗುತ್ತದೆ. ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಮೇಲಿನ ನೀರಿನಲ್ಲಿ ಬದುಕಿ ಸತ್ತ ಸೂಕ್ಷ್ಮಜೀವಿಗಳ ಸುಣ್ಣದ ಚಿಪ್ಪುಗಳು ಮತ್ತು ಗಾಳಿ ಹೊತ್ತು ತಂದ ನವಿರಾದ ಧೂಳು, ಇವೇ ಅದರ ಮುಖ್ಯ ಸಾಮಗ್ರಿ. ಇಂಥ ಕೆಸರಿನ ನಡುವೆ ಒರಟು ಮರಳು ಮತ್ತು ಸಣ್ಣ ಕಲ್ಲುಗಳ ಪದರವೊಂದು ಸಿಕ್ಕರೆ ಅದು ಅಲ್ಲಿಗೆ ಬಂದದ್ದು ಹೇಗೆ? ಗಾಳಿ ಅಷ್ಟು ಭಾರವನ್ನು ಅಷ್ಟು ದೂರ ಹೊರಲಾರದು. ಸಮುದ್ರದೊಳಗಿನ ಬೆಟ್ಟದ ಎತ್ತರದ ಭಾಗಕ್ಕೆ ಆಳದ ಪ್ರವಾಹವೂ ಮರಳನ್ನು ಹತ್ತಿಸಲಾರದು. ಉಳಿಯುವುದು ಒಂದೇ ವಾಹನ, ತೇಲುವ ಹಿಮಬಂಡೆ.

ಹಿಮನದಿಯು ನೆಲದ ಮೇಲೆ ಜಾರುವಾಗ ತನ್ನ ಅಡಿಯಲ್ಲಿರುವ ಕಲ್ಲು ಮಣ್ಣನ್ನು ಕೆರೆದು ಒಳಗೆ ಸೇರಿಸಿಕೊಳ್ಳುತ್ತದೆ. ಕಡಲ ಅಂಚಿಗೆ ಬಂದಾಗ ತುಂಡಾಗಿ ಹಿಮಬಂಡೆಯಾಗಿ ತೇಲುತ್ತದೆ. ಬೆಚ್ಚಗಿನ ನೀರಿಗೆ ಬಂದು ಕರಗಿದಾಗ ಹೊತ್ತ ಹೊರೆಯನ್ನು ಅಲ್ಲೇ ಇಳಿಸುತ್ತದೆ. ಹಿಮಯುಗದ ಕಾಲದಲ್ಲಿ ಇಂಥ ಹಿಮಬಂಡೆಗಳು ಬಿಡಿಬಿಡಿಯಾಗಿ ಅಲ್ಲ, ದಂಡುದಂಡಾಗಿ ಉತ್ತರ ಅಟ್ಲಾಂಟಿಕ್ ಸಾಗರಕ್ಕೆ ನುಗ್ಗಿದ್ದವು. ಅದೂ ಒಮ್ಮೆಯಲ್ಲ, ಹಲವು ಬಾರಿ. ಈ ಸಂಗತಿ ವಿಜ್ಞಾನಿಗಳಿಗೆ ಸ್ಪಷ್ಟವಾದದ್ದು ಕಳೆದ ನಾಲ್ಕು ದಶಕಗಳಲ್ಲಿ. ಆ ಪತ್ತೆಯ ಇತಿಹಾಸದಲ್ಲಿ ಒಂದು ದೊಡ್ಡ ಪಾಠವೂ ಇದೆ. ಮೊದಲು ಕಾರಣವೆಂದು ತೋರಿದ್ದು ಆಮೇಲೆ ಪರಿಣಾಮವೆಂದು ಕಾಣತೊಡಗಿತು.

ಹಳೆಯ ವಿಚಾರಕ್ಕೆ ಮರುಹುಟ್ಟು

ಹಿಮಬಂಡೆ ಕಲ್ಲುಗಳನ್ನು ಸಾಗಿಸುತ್ತದೆ ಎಂಬ ವಿಚಾರ ಹೊಸದಲ್ಲ. ಯೂರೋಪಿನ ಬಯಲುಗಳಲ್ಲಿ ಅಲ್ಲಿನ ನೆಲಕ್ಕೆ ಸಂಬಂಧವೇ ಇಲ್ಲದ ದೊಡ್ಡ ಬಂಡೆಗಳು ಬಿದ್ದಿರುವುದು 19ನೇ ಶತಮಾನದ ಭೂವಿಜ್ಞಾನಿಗಳಿಗೆ ಒಗಟಾಗಿತ್ತು. ಹಿಂದೊಮ್ಮೆ ಆ ನೆಲವನ್ನು ಸಮುದ್ರ ಆವರಿಸಿತ್ತು, ತೇಲುವ ಹಿಮ ಬಂಡೆಗಳನ್ನು ಅಲ್ಲಿ ಬೀಳಿಸಿತು ಎಂದು ಚಾರ್ಲ್ಸ್ ಲಯೆಲ್ 1830ರ ದಶಕದಲ್ಲಿ ವಾದಿಸಿದರು. ಆದರೆ ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ 1840ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನೆಲದ ಮೇಲೆಯೇ ವಿಶಾಲವಾದ ಹಿಮ ಹರಡಿತ್ತು, ಅದೇ ಈ ಬಂಡೆಗಳನ್ನು ತಂದಿತು ಎಂದು ಪ್ರತಿಪಾದಿಸಿದರು. ಕೊನೆಗೆ ಗೆದ್ದದ್ದು ಅಗಾಸಿಯ ಹಿಮಯುಗ ಸಿದ್ಧಾಂತ. ನೆಲದ ಬಂಡೆಗಳ ವಿಷಯದಲ್ಲಿ ಲಯೆಲ್ ಸೋತರು. ಅವರ ತೇಲುವ ಹಿಮಕ್ಕೆ ಸಾಕ್ಷಿ ದೊರೆತದ್ದು ನೆಲದಲ್ಲಲ್ಲ, ಕಡಲ ತಳದಲ್ಲಿ.

1977ರಲ್ಲಿ ಅಮೆರಿಕದ ವಿಲಿಯಂ ರಡಿಮನ್ ಉತ್ತರ ಅಟ್ಲಾಂಟಿಕ್‌ನ ಕೆಸರಿನಲ್ಲಿ ಹಿಮ ಹೊತ್ತು ತಂದ ಮರಳು ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂಬುದರ ನಕ್ಷೆಯನ್ನು ಪ್ರಕಟಿಸಿದರು. 40 ಡಿಗ್ರಿಯಿಂದ 65 ಡಿಗ್ರಿ ಉತ್ತರ ಅಕ್ಷಾಂಶದವರೆಗಿನ ಸಾಗರ ಅವರ ಅಧ್ಯಯನದ ವ್ಯಾಪ್ತಿ. ಹನ್ನೊಂದು ವರ್ಷಗಳ ನಂತರ, 1988ರಲ್ಲಿ, ಜರ್ಮನಿಯ ಹಾರ್ಟ್‌ಮುಟ್ ಹೈನ್‌ರಿಕ್ ಒಂದು ಲೇಖನ ಬರೆದರು. ಅಟ್ಲಾಂಟಿಕ್‌ನ ಈಶಾನ್ಯ ಭಾಗದಲ್ಲಿ ಡ್ರೈತ್ಸಾಕ್ ಎಂಬ ಸಾಗರದಡಿಯ ಬೆಟ್ಟವಿದೆ. ಅದರ ಸುತ್ತಲಿನಿಂದ ಕೊಳವೆ ಇಳಿಸಿ ತೆಗೆದ ಕೆಸರಿನ ಕಂಬಗಳಲ್ಲಿ, ಚಿಪ್ಪುಗಳು ಬಹಳ ವಿರಳವಾಗಿ ಕಲ್ಲಿನ ಕಣಗಳೇ ತುಂಬಿರುವ ಪದರಗಳು ಮತ್ತೆ ಮತ್ತೆ ಕಾಣುತ್ತವೆ ಎಂದು ಅವರು ತೋರಿಸಿದರು. ಭೂಮಿಯ ಅಕ್ಷದ ತೊನೆದಾಟಕ್ಕೂ ಇವುಗಳಿಗೂ ಸಂಬಂಧವಿದೆ, ಸುಮಾರು 11 ಸಾವಿರ ವರ್ಷಗಳಿಗೊಮ್ಮೆ ಇವು ಬರುತ್ತವೆ ಎಂಬುದು ಅವರ ಊಹೆಯಾಗಿತ್ತು.

ಈ ಊಹೆ ನಿಲ್ಲಲಿಲ್ಲ, ಪದರಗಳು ನಿಂತವು. ನ್ಯೂಯಾರ್ಕ್ ಬಳಿಯ ಲಾಮಾಂಟ್ ವೀಕ್ಷಣಾಲಯದ ವ್ಯಾಲೇಸ್ ಬ್ರೋಕರ್, ಜೆರಾರ್ಡ್ ಬಾಂಡ್ ಮತ್ತು ಸಂಗಡಿಗರು ಬೇರೆ ಕಡೆಯ ಕೆಸರಿನಲ್ಲೂ ಅವೇ ಪದರಗಳನ್ನು ಹುಡುಕಿದರು. 1992ರಲ್ಲಿ ಪ್ರಕಟವಾದ ಅವರ ಲೇಖನಗಳು ಜಗತ್ತಿನ ಗಮನ ಸೆಳೆದವು. 'ಹೈನ್‌ರಿಕ್ ಘಟನೆ' ಎಂಬ ಹೆಸರು ಬಳಕೆಗೆ ಬಂದದ್ದು ಆಗಲೇ.

ಕಲ್ಲಿನ ಊರು ಯಾವುದು?

ಪದರಗಳ ಕಣಗಳಲ್ಲಿ ಸುಣ್ಣಕಲ್ಲು ಮತ್ತು ಡಾಲೊಮೈಟ್ ಹೇರಳವಾಗಿದ್ದವು. ಉತ್ತರ ಅಟ್ಲಾಂಟಿಕ್ ಸುತ್ತಲಿನ ನೆಲದಲ್ಲಿ ಇಂಥ ಶಿಲೆಯನ್ನು ಹಿಮನದಿಯೊಂದು ಕೆರೆದು ನೇರವಾಗಿ ಸಾಗರಕ್ಕೆ ತರಬಲ್ಲ ಮುಖ್ಯ ಸ್ಥಳವೆಂದರೆ ಕೆನಡಾದ ಹಡ್ಸನ್ ಕೊಲ್ಲಿ ಮತ್ತು ಹಡ್ಸನ್ ಜಲಸಂಧಿಯ ಪ್ರದೇಶ. ಖನಿಜ ಕಣಗಳ ಆರ್ಗಾನ್ ವಯೋನಿರ್ಣಯ ಮತ್ತು ಸೀಸದ ಐಸೊಟೋಪುಗಳ ಪರೀಕ್ಷೆಯೂ ಕೆನಡಾದ ಪುರಾತನ ಶಿಲೆಗಳತ್ತಲೇ ಬೆರಳು ಮಾಡಿದವು. ಪದರದ ದಪ್ಪವೂ ಇದಕ್ಕೆ ಒಪ್ಪುತ್ತಿತ್ತು. ಲ್ಯಾಬ್ರಡಾರ್ ಸಮುದ್ರದಲ್ಲಿ ಅದು ದಪ್ಪ, ಪೂರ್ವಕ್ಕೆ ಹೋದಂತೆ ತೆಳು. ಅಲ್ಲಿಂದ ಯೂರೋಪಿನ ಕಡೆಗೆ ಸುಮಾರು 3,000 ಕಿಲೋಮೀಟರ್ ಉದ್ದಕ್ಕೂ ಅದು ಹರಡಿದೆ.

ಹಿಮಯುಗದಲ್ಲಿ ಕೆನಡಾದ ಬಹುಭಾಗವನ್ನು ಲಾರೆಂಟೈಡ್ ಎಂಬ ಹಿಮಹೊದಿಕೆ ಮುಚ್ಚಿತ್ತು. ಅದರ ದಪ್ಪ ಸುಮಾರು ಮೂರು ಕಿಲೋಮೀಟರ್. ಈ ಹೊದಿಕೆಯ ಒಂದು ಭಾಗ ಹಡ್ಸನ್ ಜಲಸಂಧಿಯ ಮೂಲಕ ಕುಸಿದು ಸಾಗರಕ್ಕೆ ಸುರಿದದ್ದೇ ಹೈನ್‌ರಿಕ್ ಘಟನೆ. ಕಳೆದ ಹಿಮಯುಗದ ಆರು ಪ್ರಮುಖ ಘಟನೆಗಳಿಗೆ ಸಂಖ್ಯೆ ಕೊಡಲಾಗಿದೆ. ಅವು ಸರಿಸುಮಾರು 17, 24, 31, 38, 45 ಮತ್ತು 60 ಸಾವಿರ ವರ್ಷಗಳ ಹಿಂದೆ ನಡೆದವು. ಇವುಗಳಲ್ಲಿ 1, 2, 4 ಮತ್ತು 5ನೆಯವು ಹಡ್ಸನ್ ಗುರುತನ್ನು ಸ್ಪಷ್ಟವಾಗಿ ತೋರಿಸುತ್ತವೆ. 3 ಮತ್ತು 6ನೆಯವು ಸ್ವಲ್ಪ ಭಿನ್ನ. ಒಂದೊಂದು ಘಟನೆಯೂ ಕೆಲವು ನೂರು ವರ್ಷಗಳಿಂದ ಸಾವಿರ ವರ್ಷಗಳ ಕಾಲ ನಡೆದಿರಬೇಕು.

ಭೂಮಿಯ ಬಿಸಿಯ ಲೆಕ್ಕ

ಹಿಮಹೊದಿಕೆ ಹೀಗೆ ಸರದಿಯಂತೆ ಕುಸಿಯಲು ಕಾರಣವೇನು? 1993ರಲ್ಲಿ ಡಗ್ಲಾಸ್ ಮಕೇಯಲ್ ಒಂದು ಸರಳ ವಿವರಣೆ ಕೊಟ್ಟರು. ಹಿಮ ಬೆಳೆಯುತ್ತಿರುವಾಗ ಅದರ ಬುಡ ನೆಲಕ್ಕೆ ಹೆಪ್ಪುಗಟ್ಟಿ ಅಂಟಿಕೊಂಡಿರುತ್ತದೆ. ಮೇಲಿನ ದಪ್ಪ ಹಿಮ ಕಂಬಳಿಯಂತೆ ವರ್ತಿಸಿ ಭೂಗರ್ಭದಿಂದ ಬರುವ ಶಾಖವನ್ನು ಕೆಳಗೇ ಹಿಡಿದಿಡುತ್ತದೆ. ಕೊನೆಗೆ ಬುಡ ಕರಗುತ್ತದೆ, ನೀರು ಮತ್ತು ಕೆಸರಿನ ಮೇಲೆ ಹಿಮ ಜಾರುತ್ತದೆ. ಸುರಿದು ತೆಳುವಾದ ಮೇಲೆ ಬುಡ ಮತ್ತೆ ಹೆಪ್ಪುಗಟ್ಟುತ್ತದೆ, ಹಿಮ ಮತ್ತೆ ಬೆಳೆಯತೊಡಗುತ್ತದೆ.

ಇದು ಎಷ್ಟು ಕಾಲ ಹಿಡಿಯಬಹುದು ಎಂಬುದನ್ನು ಪದವಿ ತರಗತಿಯ ವಿದ್ಯಾರ್ಥಿಯೂ ಲೆಕ್ಕ ಹಾಕಬಹುದು. ಭೂಗರ್ಭದ ಶಾಖ ಚದರ ಮೀಟರಿಗೆ ಸುಮಾರು 0.05 ವ್ಯಾಟ್. ನಮ್ಮ 30×40 ಅಡಿಯ ನಿವೇಶನದ ಅಡಿಯಿಂದ ಬರುವ ಶಾಖವನ್ನೆಲ್ಲ ಸೇರಿಸಿದರೂ ಐದಾರು ವ್ಯಾಟ್ ಮಾತ್ರ. ವರ್ಷವಿಡೀ ಕೂಡಿಸಿದರೆ ಚದರ ಮೀಟರಿಗೆ ಸುಮಾರು 16 ಲಕ್ಷ ಜೂಲ್ ಆಗುತ್ತದೆ. ಒಂದು ಘನ ಮೀಟರ್ ಹಿಮದ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾದದ್ದು ಸುಮಾರು 19 ಲಕ್ಷ ಜೂಲ್. ಅಂದರೆ ಒಂದು ಮೀಟರ್ ದಪ್ಪದ ಹಿಮ ವರ್ಷಕ್ಕೆ ಒಂದು ಡಿಗ್ರಿಯಷ್ಟೂ ಬೆಚ್ಚಗಾಗುವುದಿಲ್ಲ. ಬುಡದ ಒಂದು ಕಿಲೋಮೀಟರ್ ಹಿಮ ಸರಾಸರಿ ಐದು ಡಿಗ್ರಿ ಬೆಚ್ಚಗಾಗಲು ಸುಮಾರು 6,000 ವರ್ಷ ಬೇಕು. ಮಕೇಯಲ್ ಪಡೆದ ಅವಧಿ ಸುಮಾರು 7,000 ವರ್ಷ. ಘಟನೆಗಳ ನಡುವಣ ಅಂತರವೂ ಬಹುಮಟ್ಟಿಗೆ ಅಷ್ಟೇ! ಸಿದ್ಧಾಂತ ಜನಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ.

ಸಿಹಿನೀರಿನ ಮುಚ್ಚಳ

ಹಿಮಬಂಡೆ ಕರಗಿದರೆ ಬರುವುದು ಸಿಹಿನೀರು. ಅದರಿಂದ ಹವಾಗುಣಕ್ಕೇನು ತೊಂದರೆ? ಉಪ್ಪುನೀರಿನಲ್ಲಿ ತೇಲುವ ಮೊಟ್ಟೆ ಸಿಹಿನೀರಿನಲ್ಲಿ ಮುಳುಗುವುದನ್ನು ಶಾಲೆಯಲ್ಲಿ ನೋಡಿದ್ದೇವೆ. ಉಪ್ಪು ಹೆಚ್ಚಿದಂತೆ ನೀರಿನ ಸಾಂದ್ರತೆ ಹೆಚ್ಚು. ಅಟ್ಲಾಂಟಿಕ್‌ನಲ್ಲಿ ಬೆಚ್ಚಗಿನ ಉಪ್ಪುನೀರು ಮೇಲ್ಭಾಗದಲ್ಲಿ ಉತ್ತರಕ್ಕೆ ಹರಿದು, ಅಲ್ಲಿ ಶಾಖವನ್ನು ಗಾಳಿಗೆ ಬಿಟ್ಟು ತಣ್ಣಗಾಗಿ, ಭಾರವಾಗಿ ಮುಳುಗಿ, ಆಳದಲ್ಲಿ ದಕ್ಷಿಣಕ್ಕೆ ಮರಳುತ್ತದೆ. ಈ ಪ್ರವಾಹದ ಪ್ರಮಾಣ ಇಂದು ಸೆಕೆಂಡಿಗೆ ಸುಮಾರು 170 ಲಕ್ಷ ಘನ ಮೀಟರ್. ಮೇಲ್ಭಾಗದ ನೀರಿಗೆ ಸಿಹಿನೀರು ಸೇರಿದರೆ ಅದು ತಣ್ಣಗಾದರೂ ಸಾಕಷ್ಟು ಭಾರವಾಗುವುದಿಲ್ಲ, ಮುಳುಗುವುದಿಲ್ಲ. ಪ್ರವಾಹ ಕುಂದುತ್ತದೆ.

ಇಂಥ ಪ್ರವಾಹಕ್ಕೆ ಎರಡು ಸ್ಥಿರ ಸ್ಥಿತಿಗಳಿರಬಹುದು, ಒಂದರಿಂದ ಇನ್ನೊಂದಕ್ಕೆ ಅದು ಥಟ್ಟನೆ ಹಾರಬಹುದು ಎಂದು ಹೆನ್ರಿ ಸ್ಟೊಮ್ಮೆಲ್ 1961ರಲ್ಲೇ ಎರಡು ತೊಟ್ಟಿಗಳ ಸರಳ ಮಾದರಿಯಿಂದ ತೋರಿಸಿದ್ದರು. ಸಾಗರದಲ್ಲಿ ಅದಕ್ಕೆ ಪುರಾವೆ ಬಂದದ್ದು 2004ರಲ್ಲಿ. ಜೆರ್ರಿ ಮೆಕ್‌ಮ್ಯಾನಸ್ ಮತ್ತು ಸಂಗಡಿಗರು ಬರ್ಮುಡಾ ಬಳಿಯ ಕೆಸರಿನಲ್ಲಿ ಪ್ರೊಟ್ಯಾಕ್ಟೀನಿಯಂ ಮತ್ತು ಥೋರಿಯಂ ಐಸೊಟೋಪುಗಳ ಅನುಪಾತವನ್ನು ಅಳೆದು, ಮೊದಲ ಹೈನ್‌ರಿಕ್ ಘಟನೆಯ ಹೊತ್ತಿನಲ್ಲಿ ಈ ಪ್ರವಾಹ ಬಹುತೇಕ ನಿಂತೇಹೋಗಿತ್ತು ಎಂದು ವರದಿ ಮಾಡಿದರು.

ಮುಂಗಾರಿನವರೆಗೆ

ಉತ್ತರಕ್ಕೆ ಶಾಖ ಹೋಗದಿದ್ದಾಗ ಉತ್ತರಾರ್ಧಗೋಳ ತಣ್ಣಗಾಯಿತು, ದಕ್ಷಿಣದಲ್ಲಿ ಶಾಖ ಉಳಿದು ಅಂಟಾರ್ಕ್ಟಿಕಾ ನಿಧಾನವಾಗಿ ಬೆಚ್ಚಗಾಯಿತು. ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಸರಿಯಿತು. ಈಶಾನ್ಯ ಬ್ರೆಜಿಲ್‌ನ ಒಣ ಪ್ರದೇಶಕ್ಕೆ ಮಳೆ ಬಂತು. ಆಫ್ರಿಕ ಮತ್ತು ಏಷ್ಯದ ಮಾನ್ಸೂನ್ ಸೊರಗಿತು. ಮೊದಲ ಘಟನೆಯ ಕಾಲದಲ್ಲಿ ಆಫ್ರಿಕದ ವಿಕ್ಟೋರಿಯಾ ಸರೋವರವೇ ಬತ್ತಿತ್ತು. ಚೀನಾದ ನಾನ್‌ಜಿಂಗ್ ಬಳಿಯ ಹುಲು ಗುಹೆಯಲ್ಲಿ ಹನಿಹನಿಯಾಗಿ ಬೆಳೆದ ಸುಣ್ಣದ ಕಂಬಗಳ ಆಕ್ಸಿಜನ್ ಐಸೊಟೋಪುಗಳು ಹೈನ್‌ರಿಕ್ ಘಟನೆಗಳ ಹೊತ್ತಿನಲ್ಲಿ ಮಾನ್ಸೂನ್ ದುರ್ಬಲವಾಗಿದ್ದುದನ್ನು 2001ರಲ್ಲಿ ತೋರಿಸಿದವು.

ನಮ್ಮ ಮುಂಗಾರೂ ಇದಕ್ಕೆ ಹೊರತಾಗಿರಲಿಲ್ಲ. ನೈರುತ್ಯ ಮಾರುತ ಬಲವಾಗಿ ಬೀಸಿದಾಗ ಅರಬ್ಬಿ ಸಮುದ್ರದ ಆಳದಿಂದ ಪೋಷಕಾಂಶಗಳು ಮೇಲೆ ಬಂದು ಜೀವಿಗಳು ಹೇರಳವಾಗುತ್ತವೆ. ಅವುಗಳ ಅವಶೇಷ ಕೊಳೆಯುವಾಗ ಆಳದ ಆಕ್ಸಿಜನ್ ಖರ್ಚಾಗಿ ತಳದಲ್ಲಿ ಕಪ್ಪು ಕೆಸರು ಪದರಪದರವಾಗಿ ಉಳಿಯುತ್ತದೆ. ಮಾರುತ ದುರ್ಬಲವಾದರೆ ತಳಕ್ಕೆ ಆಕ್ಸಿಜನ್ ದೊರೆತು, ಹುಳುಗಳು ಕೆಸರನ್ನು ಕಲಕುತ್ತವೆ, ಬಣ್ಣ ತಿಳಿಯಾಗುತ್ತದೆ. ಪಾಕಿಸ್ತಾನದ ಕರಾವಳಿಯಾಚೆಯ ಕೆಸರಿನಲ್ಲಿ ಈ ಕಪ್ಪು ಬಿಳುಪಿನ ಸರಣಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿರುವ ಏರಿಳಿತಕ್ಕೆ ಹೊಂದುತ್ತದೆ ಎಂದು 1998ರಲ್ಲಿ ಪ್ರಕಟವಾಯಿತು. ಮೇಘಾಲಯದ ಮಾವ್‌ಮ್ಲು ಗುಹೆಯ ದಾಖಲೆಯಲ್ಲೂ ಸುಮಾರು 17ರಿಂದ 15 ಸಾವಿರ ವರ್ಷಗಳ ಹಿಂದೆ ಮುಂಗಾರು ಬಹಳ ಕ್ಷೀಣಿಸಿದ್ದು ಕಂಡುಬಂದಿದೆ.

ಕಾರಣವೋ, ಪರಿಣಾಮವೋ?

ಇಲ್ಲಿಯವರೆಗಿನ ಕಥೆ ಅಚ್ಚುಕಟ್ಟಾಗಿದೆ. ಹಿಮ ತನ್ನಷ್ಟಕ್ಕೆ ಕುಸಿಯಿತು, ಸಿಹಿನೀರು ಪ್ರವಾಹವನ್ನು ನಿಲ್ಲಿಸಿತು, ಜಗತ್ತು ಬದಲಾಯಿತು. ಆದರೆ ಒಂದು ತೊಡಕು ಮೊದಲಿನಿಂದಲೂ ಇತ್ತು. ಹೈನ್‌ರಿಕ್ ಪದರಗಳು ಹವಾಗುಣ ಆಗಲೇ ಹಂತಹಂತವಾಗಿ ತಣ್ಣಗಾಗುತ್ತ ಬಂದ ಕಾಲದ ಕೊನೆಯಲ್ಲಿ ಬರುತ್ತವೆ ಎಂದು ಬಾಂಡ್ ಮತ್ತು ಸಂಗಡಿಗರು 1993ರಲ್ಲೇ ತೋರಿಸಿದ್ದರು. ಬುಡದ ಶಾಖವಷ್ಟೇ ಗಡಿಯಾರವಾಗಿದ್ದರೆ, ಹಿಮಕ್ಕೆ ಹೊರಗಿನ ಹವಾಗುಣ ತಿಳಿಯುವುದು ಹೇಗೆ?

2015ರಲ್ಲಿ ಸ್ಟೀಫನ್ ಬಾರ್ಕರ್ ಮತ್ತು ಸಂಗಡಿಗರು ಐಸ್‌ಲ್ಯಾಂಡಿನ ದಕ್ಷಿಣದ ಕೆಸರನ್ನು ಪರೀಕ್ಷಿಸಿ, ಚಳಿ ಮೊದಲು ಬಂತು, ಹಿಮಬಂಡೆಗಳು ನಂತರ ಬಂದವು ಎಂದು ತೋರಿಸಿದರು. ಅವು ಚಳಿಯನ್ನು ಆರಂಭಿಸಲಿಲ್ಲ, ಹೆಚ್ಚೆಂದರೆ ದೀರ್ಘವಾಗಿಸಿದವು. ಹಾಗಾದರೆ ಹಿಮ ಕುಸಿದದ್ದೇಕೆ? ಪ್ರವಾಹ ಕುಂದಿದಾಗ ಮೇಲ್ಭಾಗ ತಣ್ಣಗಾದರೂ, ಗಾಳಿಗೆ ಹೋಗಬೇಕಿದ್ದ ಶಾಖ ನೀರಿನ ನಡುಪದರದಲ್ಲಿ ಉಳಿಯುತ್ತದೆ. ನೆಲದ ಹಿಮ ಸಮುದ್ರದ ಮೇಲೆ ಜಗಲಿಯಂತೆ ಚಾಚಿಕೊಂಡಿರುವ ಭಾಗವನ್ನು ಈ ಬೆಚ್ಚಗಿನ ನೀರು ಕೆಳಗಿನಿಂದ ಕರಗಿಸುತ್ತದೆ. ಜಗಲಿ ಕುಸಿದರೆ ಹಿಂದಿನ ಹಿಮಕ್ಕೆ ತಡೆಯಿಲ್ಲ. ಮೊದಲ ಘಟನೆಗೆ ಮುನ್ನ ನಡುಪದರ ಬೆಚ್ಚಗಾಗಿದ್ದುದಕ್ಕೆ 2011ರಲ್ಲಿ ಪುರಾವೆ ದೊರೆಯಿತು. 2017ರಲ್ಲಿ ಜೆರೆಮಿ ಬ್ಯಾಸಿಸ್ ಮತ್ತು ಸಂಗಡಿಗರು ಇದಕ್ಕೆ ಭೂತಳದ ಏರಿಳಿತವನ್ನೂ ಸೇರಿಸಿದರು. ಹಿಮದ ಭಾರಕ್ಕೆ ನೆಲ ಕುಸಿದಾಗ ಬೆಚ್ಚಗಿನ ನೀರು ಹಿಮದ ಮುಖವನ್ನು ಮುಟ್ಟುತ್ತದೆ. ಹಿಮ ಹಿಂದೆ ಸರಿದು ಭಾರ ಇಳಿದ ಮೇಲೆ ನೆಲ ಮೇಲೇಳುತ್ತದೆ, ನೀರಿಗೆ ಅಡ್ಡವಾಗುತ್ತದೆ, ಹಿಮ ಮತ್ತೆ ಬೆಳೆಯುತ್ತದೆ. ಹೀಗೂ ಸಾವಿರಾರು ವರ್ಷಗಳ ಸರದಿ ಸಿಗುತ್ತದೆ.

ಮಕೇಯಲ್ ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಭೌತವಿಜ್ಞಾನ ಕಲಿಸುವವನಾಗಿ ನನಗೆ ಇದು ಎಚ್ಚರಿಕೆಯ ಮಾತು: ಉತ್ತರ ಹೊಂದಿತು ಎಂದ ಮಾತ್ರಕ್ಕೆ ಕಾರಣ ಸಿಕ್ಕಿತೆಂದಲ್ಲ. ಯಾವುದು ಮೊದಲು ನಡೆಯಿತು ಎಂಬುದನ್ನು ಕೆಸರಿನಲ್ಲಿ ಹುಡುಕಿದ ಮೇಲಷ್ಟೇ ಪ್ರಶ್ನೆ ತಿರುವು ಪಡೆಯಿತು.

ಈ ತಿರುವು ಇಂದಿಗೂ ಸಂಬಂಧಿಸಿದೆ. ಲಾರೆಂಟೈಡ್ ಹಿಮಹೊದಿಕೆ ಈಗಿಲ್ಲ. ಹೈನ್‌ರಿಕ್ ಘಟನೆ ಇದ್ದಂತೆಯೇ ಮರುಕಳಿಸದು. ಆದರೆ 2002ರಲ್ಲಿ ಅಂಟಾರ್ಕ್ಟಿಕಾದ ಲಾರ್ಸೆನ್-ಬಿ ಹಿಮಜಗಲಿಯ ಸುಮಾರು 3,250 ಚದರ ಕಿಲೋಮೀಟರ್ ಭಾಗ ಸುಮಾರು ಒಂದು ತಿಂಗಳ ಅವಧಿಯಲ್ಲಿ ಚೂರಾದಾಗ, ಅದರ ಹಿಂದಿನ ಹಿಮನದಿಗಳ ವೇಗ ಹೆಚ್ಚಿದ್ದು ಉಪಗ್ರಹಗಳಿಂದ ದಾಖಲಾಯಿತು. ಪಶ್ಚಿಮ ಅಂಟಾರ್ಕ್ಟಿಕಾದ ಹಿಮಜಗಲಿಗಳನ್ನು ಬೆಚ್ಚಗಿನ ಆಳದ ನೀರು ಕೆಳಗಿನಿಂದ ಸವೆಸುತ್ತಿದೆ. ಗ್ರೀನ್‌ಲ್ಯಾಂಡಿನ ಹಿಮ ಕರಗಿ ಉತ್ತರ ಅಟ್ಲಾಂಟಿಕ್‌ಗೆ ಸಿಹಿನೀರು ಸೇರುತ್ತಿದೆ. ಆ ಸಾಗರದ ಪ್ರವಾಹವನ್ನು 26 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ 2004ರಿಂದ ನಿರಂತರವಾಗಿ ಅಳೆಯಲಾಗುತ್ತಿದೆ. ಈ ಶತಮಾನದಲ್ಲಿ ಅದು ಕುಂದುವುದು ಬಹುಮಟ್ಟಿಗೆ ಖಚಿತ, 2100ಕ್ಕೆ ಮುನ್ನ ಹಠಾತ್ತನೆ ಕುಸಿಯಲಾರದು ಎಂಬುದಕ್ಕೆ ಮಾತ್ರ ಮಧ್ಯಮ ಮಟ್ಟದ ವಿಶ್ವಾಸ ಎಂದು ಅಂತರ್ ಸರ್ಕಾರಿ ಹವಾಮಾನ ಸಮಿತಿ 2021ರ ವರದಿಯಲ್ಲಿ ಹೇಳಿದೆ.

ಕೆನಡಾದ ಹಿಮ ಕುಸಿದ ಕಾಲದಲ್ಲಿ ನಮ್ಮ ಮುಂಗಾರೂ ಸೊರಗಿತ್ತು ಎಂಬುದಕ್ಕೆ ಕೆಸರು ಮತ್ತು ಗುಹೆಗಳ ಸಾಕ್ಷ್ಯವಿದೆ. ಆಗ ಮಳೆ ನಂಬಿ ಬೇಸಾಯ ಮಾಡುವವರು ಯಾರೂ ಇರಲಿಲ್ಲ. ಈಗ ಇದ್ದೇವೆ. ದೂರದ ಅಟ್ಲಾಂಟಿಕ್‌ನಲ್ಲಿ ನಡೆಯುತ್ತಿರುವ ಆ ಅಳತೆಗಳನ್ನು ನಾವೂ ಗಮನಿಸುತ್ತಿರಬೇಕಾದದ್ದು ಅದಕ್ಕಾಗಿಯೇ.