ಮನೆಯ ಮೋರಿ, ಊರ ಚರಂಡಿ

1660ನೆಯ ಇಸವಿ ಅಕ್ಟೋಬರ್ 20ರಂದು ಲಂಡನ್ನಿನ ನೌಕಾ ಕಚೇರಿಯ ಅಧಿಕಾರಿ ಸ್ಯಾಮ್ಯುಯಲ್ ಪೀಪ್ಸ್ ತನ್ನ ಮನೆಯ ನೆಲಮಾಳಿಗೆಗೆ ಇಳಿದವನು ದೊಡ್ಡದೊಂದು ಹೇಸಿಗೆಯ ರಾಶಿಯ ಮೇಲೆ ಕಾಲಿಟ್ಟ. ನೆರೆಮನೆಯವರ ಕಕ್ಕಸು ಗುಂಡಿ ತುಂಬಿ, ಉಕ್ಕಿ, ಇವನ ನೆಲಮಾಳಿಗೆಗೆ ಹರಿದುಬಂದಿತ್ತು. ಆ ದಿನದ ವಿದ್ಯಮಾನವನ್ನು ಆತ ತನ್ನ ದಿನಚರಿಯಲ್ಲಿ ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ. ತನಗೆ ಬೇಸರವಾಯಿತೆಂದೂ ಹೇಳಿಕೊಂಡಿದ್ದಾನೆ. ಆದರೆ ಆಳುವವರ ಮೇಲೆ ಒಂದು ದೂರೂ ಅಲ್ಲಿಲ್ಲ. ಗುಂಡಿ ನೆರೆಯವನದು, ನೆಲಮಾಳಿಗೆ ತನ್ನದು. ನಡುವೆ ಸರ್ಕಾರಕ್ಕೇನು ಕೆಲಸ?

ಇಂಥದೇ ಇನ್ನೊಂದು ತಕರಾರು 1704ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಒಬ್ಬನ ಕಕ್ಕಸಿಗೂ ಇನ್ನೊಬ್ಬನ ನೆಲಮಾಳಿಗೆಗೂ ನಡುವೆ ಇದ್ದ ಗೋಡೆ ಶಿಥಿಲವಾಗಿ ಹೊಲಸು ಆಚೆಗೆ ಸೋರಿತ್ತು. ಮುಖ್ಯ ನ್ಯಾಯಾಧೀಶ ಹೋಲ್ಟ್ ಕೊಟ್ಟ ತೀರ್ಪು ಇಂದಿಗೂ ಕಾನೂನು ಓದುವವರಿಗೆ ಪರಿಚಿತ: ಹೊಲಸು ಯಾರದೋ ಅದು ನೆರೆಯವನ ಮೇಲೆ ಹರಿಯದಂತೆ ತಡೆಯುವ ಹೊಣೆಯೂ ಅವನದೇ. ಬಹಳ ನ್ಯಾಯವಾದ ಮಾತು. ಇಬ್ಬರು ಗೃಹಸ್ಥರು, ಒಂದು ಗೋಡೆ, ಒಂದು ಸೋರಿಕೆ, ಇಷ್ಟೇ ಇದ್ದಾಗ ಇದಕ್ಕಿಂತ ಹೆಚ್ಚಿನ ಕಾನೂನು ಬೇಕಿಲ್ಲ.

ಹಾಗಾದರೆ ಊರಿನ ಚರಂಡಿಗಳು ಏತಕ್ಕಿದ್ದವು? ಮಳೆಯ ನೀರಿಗೆ. ಎಂಟನೆಯ ಹೆನ್ರಿಯ ಕಾಲದಲ್ಲಿ, 1531ರಷ್ಟು ಹಿಂದೆಯೇ, ಚರಂಡಿಗಳ ಮೇಲ್ವಿಚಾರಣೆಗೆ ಕಮಿಷನರುಗಳನ್ನು ನೇಮಿಸುವ ಶಾಸನವಾಗಿತ್ತು. ಆದರೆ 1815ರವರೆಗೂ ಮನೆಯ ಹೊಲಸನ್ನು ಅವುಗಳಿಗೆ ಬಿಡುವುದು ಲಂಡನ್ನಿನಲ್ಲಿ ಅಪರಾಧವೇ ಆಗಿತ್ತು. ಗೃಹಸ್ಥನು ಗುಂಡಿ ತೋಡಿಸಬೇಕು, ತುಂಬಿದಾಗ ರಾತ್ರಿಯ ಹೊತ್ತು ಬರುವ ಆಳುಗಳಿಗೆ ಹಣ ಕೊಟ್ಟು ತೆಗೆಸಬೇಕು. ಅವರು ಅದನ್ನು ಗೊಬ್ಬರವಾಗಿ ಹೊಲಗಳಿಗೆ ಸಾಗಿಸುತ್ತಿದ್ದರು. ಹಣವಿಲ್ಲದವನ ಗುಂಡಿ ತುಂಬಿಯೇ ಇರುತ್ತಿತ್ತು. ಈ ಏರ್ಪಾಟನ್ನು ಕೆಡಿಸಿದ್ದು ಒಂದು ನಾಗರಿಕ ಸೌಕರ್ಯವೇ ಎಂಬುದು ವಿನೋದ. ನೀರು ಹಾಯಿಸುವ ಕಕ್ಕಸು ಶ್ರೀಮಂತರ ಮನೆಗೆ, ಅನಂತರ ಮಧ್ಯಮ ವರ್ಗದವರ ಮನೆಗೆ ಬಂತು. ಮಲಕ್ಕೆಂದು ತೋಡಿದ ಗುಂಡಿಗೆ ನೀರೂ ಸೇರಿದ ಮೇಲೆ ಯಾವ ಗೋಡೆ ತಾನೆ ತಡೆದೀತು?

1842ರಲ್ಲಿ ಎಡ್ವಿನ್ ಚಾಡ್ವಿಕ್ ಬಡ ದುಡಿಮೆಗಾರರ ವಸತಿಗಳ ಆರೋಗ್ಯಸ್ಥಿತಿಯ ಬಗ್ಗೆ ಹೆಸರಾಂತ ವರದಿಯೊಂದನ್ನು ಹೊರತಂದ. ಕೆಟ್ಟ ಗಾಳಿಯಿಂದಲೇ ರೋಗ ಬರುತ್ತದೆಂದು ಅವನು ನಂಬಿದ್ದ, ಅದು ತಪ್ಪು. ಆದರೆ ಒಂಟಿ ಮನೆಯ ಶ್ರಮದಿಂದ ಇದು ಬಗೆಹರಿಯುವುದಿಲ್ಲವೆಂದು ಕಂಡದ್ದು ಮಾತ್ರ ಸರಿ. 1848ರಲ್ಲಿ ಸಾರ್ವಜನಿಕ ಆರೋಗ್ಯದ ಕಾನೂನು ಬಂತು. ಲಂಡನ್ನಿಗೆ ಬೇರೆಯಾಗಿ ಒಂದು ಚರಂಡಿ ಆಯೋಗವೂ ಬಂತು. ಹಿಂದೆ ಯಾವುದು ಅಪರಾಧವಾಗಿತ್ತೋ ಅದು ಈಗ ಕಡ್ಡಾಯವಾಯಿತು: ಮನೆಯ ಮೋರಿಯನ್ನು ಊರ ಚರಂಡಿಗೆ ಸೇರಿಸಲೇಬೇಕು. ಗೃಹಸ್ಥರು ಗೊಣಗಿದರು. ಇಂಗ್ಲಿಷರಿಗೆ ಮನೆ ಎಂದರೆ ಕೋಟೆ. ಅದರೊಳಗೆ ಇನ್‌ಸ್ಪೆಕ್ಟರು ಕಾಲಿಡುವುದೇ? ಬಲವಂತದಿಂದ ಆರೋಗ್ಯವಂತರಾಗುವುದಕ್ಕಿಂತ ಕಾಲರಾದ ಕೈಗೆ ಸಿಕ್ಕುವುದೇ ಲೇಸು ಎಂಬ ಅರ್ಥದಲ್ಲಿ ಟೈಮ್ಸ್ ಪತ್ರಿಕೆ 1854ರಲ್ಲಿ ಬರೆಯಿತು.

ಕಾಲರಾ ಕಾದು ಕುಳಿತಿರಲಿಲ್ಲ. ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ ಸೋಹೋ ಪ್ರದೇಶದ ಬ್ರಾಡ್ ಬೀದಿಯ ಸುತ್ತ ಕಾಣಿಸಿಕೊಂಡು, ಕೆಲವೇ ವಾರಗಳಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ಲೆಕ್ಕಹಾಕಿ, ಬೀದಿಯ ಪಂಪಿನ ನೀರೇ ಕಾರಣವೆಂದು ತೋರಿಸಿ, ಅದರ ಹಿಡಿಯನ್ನು ತೆಗೆಸಿದ ಕಥೆಯನ್ನು ಅನೇಕರು ಕೇಳಿರಬಹುದು. ಕಥೆಯ ಉತ್ತರಾರ್ಧ ಅಷ್ಟು ಪ್ರಚಾರದಲ್ಲಿಲ್ಲ. ಹೆನ್ರಿ ವೈಟ್‌ಹೆಡ್ ಎಂಬ ಯುವಕ ಪಾದ್ರಿ ಮೊದಲು ಸ್ನೋನ ಮಾತನ್ನು ನಂಬದೆ, ಅದನ್ನು ಸುಳ್ಳೆಂದು ಸಾಧಿಸಲು ಮನೆಮನೆಗೂ ಹೋಗಿ ವಿಚಾರಿಸಿದ. ಪಂಪಿನ ಪಕ್ಕದ 40ನೆಯ ನಂಬರಿನ ಮನೆಯಲ್ಲಿ ಒಂದು ಹಸುಗೂಸು ಎಲ್ಲರಿಗಿಂತ ಮೊದಲು ಭೇದಿಯಿಂದ ನರಳಿ ಸತ್ತದ್ದು ಅವನಿಗೆ ತಿಳಿಯಿತು. ತಾಯಿ ಆ ಬಟ್ಟೆಗಳನ್ನು ಅದ್ದಿ ತೊಳೆದ ನೀರನ್ನು ಮನೆಯ ಗುಂಡಿಗೆ ಸುರಿದಿದ್ದಳು. ಅಗೆದು ನೋಡಿದರೆ ಗುಂಡಿಯ ಇಟ್ಟಿಗೆಗಳು ಶಿಥಿಲವಾಗಿದ್ದವು. ಬಾವಿಗೂ ಅದಕ್ಕೂ ಮೂರಡಿ ಅಂತರವೂ ಇರಲಿಲ್ಲ.

ಮತ್ತೆ ಅದೇ ಶಿಥಿಲ ಗೋಡೆ! ಹೋಲ್ಟನ ನ್ಯಾಯದಂತೆ ನೋಡಿದರೆ ಹೊಣೆ ಆ ಮನೆಯವರದು. ಆದರೆ ಮಗುವನ್ನು ಕಳೆದುಕೊಂಡ ಆ ತಾಯಿಯ ಮೇಲೆ ಆರುನೂರು ಮನೆಯವರು ದಾವಾ ಹೂಡುವುದೇ? ನೆಲದಡಿ ಏನು ಸೋರುತ್ತಿದೆಯೆಂದು ಅವಳಿಗೇನು ಗೊತ್ತು?

ಪಾರ್ಲಿಮೆಂಟು ಎಚ್ಚೆತ್ತದ್ದು ಈ ಸಾವುಗಳಿಂದಲ್ಲ, ತನ್ನ ಮೂಗಿನಿಂದ. ಗುಂಡಿಗಳನ್ನು ಮುಚ್ಚಿಸಿ ಎಲ್ಲವನ್ನೂ ಚರಂಡಿಗೆ ಬಿಡಿಸಿದ್ದರಿಂದ ಎಲ್ಲವೂ ಥೇಮ್ಸ್ ನದಿ ಸೇರುತ್ತಿತ್ತು. 1858ರ ಬಿರುಬೇಸಗೆಯಲ್ಲಿ ನದಿ ನಾರಿ, ಸಭಾಭವನದ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಬೇಕಾಯಿತು. ಡಿಸ್ರೇಲಿ ತಂದ ಮಸೂದೆ ಹದಿನೆಂಟು ದಿನಗಳಲ್ಲಿ ಕಾನೂನಾಯಿತು. ಇಂಜಿನಿಯರ್ ಜೋಸೆಫ್ ಬ್ಯಾಜಲ್ಜೆಟ್ 82 ಮೈಲಿ ಉದ್ದದ ಹೆಗ್ಗಾಲುವೆಗಳನ್ನು ನೆಲದಡಿ ಕಟ್ಟಿ, ಹೊಲಸನ್ನು ಊರಿನ ಪೂರ್ವಕ್ಕೆ ಸಾಗಿಸಿದ. 1866ರಲ್ಲಿ ಕಾಲರಾ ಮತ್ತೆ ಬಂದಾಗ ಹೆಚ್ಚಾಗಿ ಸತ್ತದ್ದು ಪೂರ್ವ ಲಂಡನ್ನಿನವರು. ಅಲ್ಲಿಯ ಕೆಲಸ ಇನ್ನೂ ಪೂರ್ತಿಯಾಗಿರಲಿಲ್ಲ; ಖಾಸಗಿ ಕಂಪೆನಿಯೊಂದು ಅಲ್ಲಿಗೆ ಸೋಸದ ನೀರನ್ನು ಒದಗಿಸಿತ್ತು.

ಮುಖ್ಯ ಕಾಲುವೆ ಊರಿನದು, ಮನೆಯಿಂದ ಅದಕ್ಕೆ ಸೇರುವ ಕೊಳವೆ ಮನೆಯವನದು ಎಂಬ ವಿಭಾಗ ಹೀಗೆ ನೆಲೆನಿಂತಿತು. ಗಡಿ ಎಲ್ಲಿ ಎಂಬ ಜಗಳ ಮುಂದೆಯೂ ನಡೆಯಿತು. 2011ರ ಅಕ್ಟೋಬರ್ 1ರಂದು ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ, ಹಲವು ಮನೆಗಳು ಹಂಚಿಕೊಂಡ ಕೊಳವೆಗಳನ್ನೂ ನಿವೇಶನದ ಗಡಿಯಾಚೆಗಿನ ಕೊಳವೆಗಳನ್ನೂ ಮನೆಯವರ ತಲೆಯಿಂದ ಇಳಿಸಿ ಜಲಸಂಸ್ಥೆಗಳಿಗೆ ಒಪ್ಪಿಸಿದರು. ಆ ಸಂಸ್ಥೆಗಳಾದರೋ 1989ರಲ್ಲೇ ಖಾಸಗಿಯವರ ಪಾಲಾಗಿದ್ದವು!

ನಮ್ಮ ಬೆಂಗಳೂರು ಈ ಗಡಿಯನ್ನು ಬೇರೊಂದು ರೀತಿಯಲ್ಲಿ ಎಳೆದಿತ್ತು. 1898ರ ಪ್ಲೇಗಿನ ಹೊತ್ತಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ನಕ್ಷೆಯನ್ನು ನೋಡಿ. ಮುಂದೆ ಅಗಲವಾದ ರಸ್ತೆ. ಹಿಂದೆ, ಎರಡು ಸಾಲು ಮನೆಗಳ ಬೆನ್ನುಗಳ ನಡುವೆ, ಕಿರಿದಾದ ಕನ್ಸರ್ವೆನ್ಸಿ ಓಣಿ. ಹಿತ್ತಿಲ ಕೊನೆಯ ಕಕ್ಕಸಿಗೆ ಜಾಡಮಾಲಿ ಆ ಓಣಿಯಿಂದ ಬಂದು, ಮನೆಯವರ ಕಣ್ಣಿಗೆ ಬೀಳದೆ ಹೋಗಬೇಕು. ಲಂಡನ್ನಿನಲ್ಲಿ ಮನೆಗೂ ಊರಿಗೂ ನಡುವಿನ ಕೊಂಡಿ ಒಂದು ಕೊಳವೆ. ನಮ್ಮಲ್ಲಿ ಅದು ಒಬ್ಬ ಮನುಷ್ಯ, ಅದೂ ಹುಟ್ಟಿದ ಜಾತಿಯ ಕಾರಣಕ್ಕೆ. ಒಳಚರಂಡಿ ತಡವಾಗಿ ಬಂದುದಕ್ಕೆ ಹಣದ ಕೊರತೆಯೊಂದೇ ಕಾರಣವೆಂದು ನಾನು ನಂಬಲಾರೆ; ಮನುಷ್ಯ ಅಗ್ಗವಾಗಿ ಸಿಕ್ಕುವಾಗ ಕೊಳವೆ ದುಬಾರಿಯಾಗಿಯೇ ಕಾಣುತ್ತದೆ.

ಬೆಂಗಳೂರಿನ ನೀರು ಮತ್ತು ಒಳಚರಂಡಿ ಮಂಡಳಿ ಹುಟ್ಟಿದ್ದು 1964ರಲ್ಲಿ. 1970ರ ದಶಕದ ಮೊದಲಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾನೂನಿಗೆ 1993ರವರೆಗೆ ಕಾಯಬೇಕಾಯಿತು. 2013ರ ಎರಡನೆಯ ಕಾನೂನು, ರಕ್ಷಣೆಯಿಲ್ಲದೆ ಯಾರನ್ನೂ ಚರಂಡಿಗಾಗಲಿ ಮಲಗುಂಡಿಗಾಗಲಿ ಇಳಿಸಕೂಡದೆಂದು ವಿಧಿಸುವಾಗ, ಖಾಸಗಿ ವ್ಯಕ್ತಿ, ಸ್ಥಳೀಯ ಸಂಸ್ಥೆ, ಏಜೆನ್ಸಿ ಎಲ್ಲರನ್ನೂ ಒಂದೇ ಕಲಮಿನಲ್ಲಿ ಹೆಸರಿಸಿತು. ಗುಂಡಿ ಮನೆಯದೋ ಬೀದಿಯದೋ ಎಂಬ ಭೇದವನ್ನು ಅದು ಇಟ್ಟುಕೊಳ್ಳಲಿಲ್ಲ. ಇಳಿದವರ ಸಾವು ಆಮೇಲೂ ನಿಲ್ಲಲಿಲ್ಲ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ವಿಧಿಸಿತ್ತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.